ಓದುಗನಿಗೆ ಅನ್ನಿಸಿದ್ದೆಲ್ಲ ಅರ್ಥವೇ? ಫಿನಾಮಿನಾಲಜಿ ಮತ್ತು ಸಾಹಿತ್ಯದ ಓದು

ಪ್ರಶ್ನೆ: ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ವಿಮರ್ಶೆಯ ಪತ್ರಿಕೆಯಲ್ಲಿ ‘ಫಿನಾಮಿನಾಲಜಿ’ ಎಂಬ ಘಟಕವಿದೆ. ನೋಟ್ಸಿನಲ್ಲಿ ಹುಸೆರ್ಲ್, ಹೈಡೆಗರ್, ಈಸರ್ ಎಂಬ ಹೆಸರುಗಳು ಒಂದರ ಕೆಳಗೊಂದು ಇವೆ. ಕೊನೆಗೆ ‘ಹೀಗಾಗಿ ಅರ್ಥವನ್ನು ಸೃಷ್ಟಿಸುವವನು ಓದುಗನೇ’ ಎಂದು ಮುಗಿಯುತ್ತದೆ. ಯಾರಿಗೆ ಏನನ್ನಿಸಿದರೆ ಅದೇ ಅರ್ಥ ಎನ್ನುವುದಕ್ಕೆ ಇದೊಂದು ದೊಡ್ಡ ಹೆಸರು ಅಷ್ಟೇ ತಾನೆ? ನಮ್ಮ ಸಹೃದಯ ಸಿದ್ಧಾಂತದಲ್ಲಿ ಇಲ್ಲದ್ದು ಇದರಲ್ಲಿ ಏನಿದೆ? ಒಂದು ಕಥೆ ಓದುವಾಗ ಇದನ್ನು ಬಳಸುವುದಾದರೂ ಹೇಗೆ?

ಉತ್ತರ: ನಿಮ್ಮ ನೋಟ್ಸಿನ ಆ ಕೊನೆಯ ವಾಕ್ಯದ ಮೇಲೆ ಮೊದಲು ಗೀಟು ಹಾಕಿ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಕ್ಕೀತು, ಆದರೆ ಅದು ವಿಷಯವನ್ನು ತಲೆಕೆಳಗು ಮಾಡಿ ಹೇಳುತ್ತದೆ. ಫಿನಾಮಿನಾಲಜಿ ಹುಟ್ಟಿದ್ದೇ ‘ಎಲ್ಲ ಇರುವುದು ನಮ್ಮ ಮನಸ್ಸಿನಲ್ಲಿ’ ಎಂಬ ಮಾತಿಗೆ ಎದುರಾಗಿ.

ಅದನ್ನು ಶುರು ಮಾಡಿದ ಎಡ್ಮಂಡ್ ಹುಸೆರ್ಲ್ (1859–1938) ಮೂಲತಃ ಗಣಿತ ಓದಿದವನು. ವಿಯೆನ್ನಾದಲ್ಲಿ ಫ್ರಾನ್ಸ್ ಬ್ರೆಂಟಾನೊನ ಪಾಠ ಕೇಳಿ ತತ್ತ್ವಶಾಸ್ತ್ರದ ಕಡೆ ಹೊರಳಿದ. ತರ್ಕದ ನಿಯಮಗಳು ಕೂಡ ಕೊನೆಗೆ ಮನುಷ್ಯನ ತಲೆಯೊಳಗೆ ನಡೆಯುವ ವ್ಯಾಪಾರದ ನಿಯಮಗಳೇ ಎಂದು ವಾದಿಸುವವರು ಆಗ ಬಹಳ ಮಂದಿ ಇದ್ದರು. 1900ರಲ್ಲಿ ಬಂದ ‘ತಾರ್ಕಿಕ ಶೋಧನೆಗಳು’ ಗ್ರಂಥದ ಮೊದಲ ಸಂಪುಟದ ಬಹುಪಾಲನ್ನು ಹುಸೆರ್ಲ್ ಈ ವಾದದ ಖಂಡನೆಗೆ ಕೊಟ್ಟ. ಎರಡು ಮತ್ತೆರಡು ನಾಲ್ಕು ಎಂದು ನಾನು ಬೆಳಿಗ್ಗೆ ಯೋಚಿಸುತ್ತೇನೆ, ನೀವು ಸಂಜೆ ಯೋಚಿಸುತ್ತೀರಿ. ಯೋಚನೆಗಳು ಎರಡಾದವು, ಯೋಚಿಸಿದ ಸಂಗತಿ ಒಂದೇ ಉಳಿಯಿತು. ನನಗೆ ನಿದ್ದೆ ಬಂದರೆ ನನ್ನ ಯೋಚನೆ ನಿಲ್ಲುತ್ತದೆ. ಎರಡು ಮತ್ತೆರಡು ನಾಲ್ಕಾಗುವುದು ನಿಲ್ಲುವುದಿಲ್ಲ. ಯೋಚಿಸುವ ಕ್ರಿಯೆ ಬೇರೆ, ಅದು ಯಾವುದರ ಕಡೆ ಮುಖ ಮಾಡಿದೆಯೋ ಅದು ಬೇರೆ. ಈ ಭೇದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಪ್ರಜ್ಞೆ ಎಂಬುದು ಯಾವಾಗಲೂ ಯಾವುದಾದರೊಂದರ ಪ್ರಜ್ಞೆ. ಸುಮ್ಮನೆ ‘ನೋಡುವುದು’ ಎಂಬುದಿಲ್ಲ, ಏನನ್ನೋ ನೋಡುವುದು ಉಂಟು; ಏನನ್ನೋ ನೆನೆಯುವುದು, ಏನಕ್ಕೋ ಕಾಯುವುದು ಉಂಟು. ಈ ವಿಷಯಾಭಿಮುಖತೆ ಬ್ರೆಂಟಾನೊನಿಂದ ಬಂದ ಮಾತು. ಹುಸೆರ್ಲ್ ಅದಕ್ಕೆ ಸೇರಿಸಿದ್ದು, ಒಂದೊಂದು ವಸ್ತುವೂ ಪ್ರಜ್ಞೆಗೆ ತನ್ನದೇ ರೀತಿಯಲ್ಲಿ ಸಿಗುತ್ತದೆ ಎಂಬುದನ್ನು. ಬೀದಿಯಲ್ಲಿ ನಿಂತು ಮನೆಯನ್ನು ನೋಡಿದರೆ ಕಣ್ಣಿಗೆ ಬೀಳುವುದು ಮುಂಭಾಗ ಮಾತ್ರ. ಆದರೂ ನಾವು ನೋಡುವುದು ಮನೆಯನ್ನು, ಒಂದು ಗೋಡೆಯನ್ನಲ್ಲ. ಕಾಣದ ಹಿತ್ತಲು ಆ ನೋಟದೊಳಗೇ ಸೇರಿಕೊಂಡಿರುತ್ತದೆ. ನೆನಪಿನಲ್ಲಿ ಬರುವ ಮನೆ ಹೀಗೆ ಸಿಗುವುದಿಲ್ಲ, ಕಲ್ಪನೆಯ ಮನೆ ಇನ್ನೂ ಬೇರೆ. ಈ ‘ಸಿಗುವ ರೀತಿ’ಗಳನ್ನು ಅವಸರವಿಲ್ಲದೆ ವರ್ಣಿಸುವುದೇ ಫಿನಾಮಿನಾಲಜಿಯ ಕಸುಬು. ಹಾಗೆ ವರ್ಣಿಸಬೇಕಾದರೆ ‘ಅದು ನಿಜಕ್ಕೂ ಇದೆಯೋ, ಇಲ್ಲವೋ’ ಎಂಬ ದಿನನಿತ್ಯದ ತೀರ್ಮಾನವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡಬೇಕು. ಅದನ್ನೇ ‘ಎಪೋಕೆ’ ಎನ್ನುವುದು. ಲೋಕ ಸುಳ್ಳು ಎನ್ನುವ ಮಾಯಾವಾದ ಇದಲ್ಲ, ಸಂಶಯವಾದವೂ ಅಲ್ಲ. ತೀರ್ಪನ್ನು ಮುಂದೂಡಿ ನೋಟವನ್ನು ಗಮನಿಸುವುದು.

ಕಥೆ ಓದುವವರು ಇದನ್ನು ಹೇಳಿಕೊಡದೆಯೇ ಮಾಡುತ್ತಾರೆ ಎಂಬುದು ಹುಸೆರ್ಲ್‌ಗೂ ಹೊಳೆದಿತ್ತು. 1907ರ ಜನವರಿಯಲ್ಲಿ ಆಸ್ಟ್ರಿಯಾದ ಕವಿ ಹ್ಯೂಗೊ ಫಾನ್ ಹೋಫ್‌ಮನ್‌ಸ್ಥಾಲ್‌ಗೆ ಅವನು ಬರೆದ ಕಾಗದವೊಂದಿದೆ. ಕಲೆಯನ್ನು ಕಲೆಯಾಗಿಯೇ ನೋಡುವಾಗ ಇರವಿನ ಪ್ರಶ್ನೆ ತಾನಾಗಿಯೇ ಹಿಂದೆ ಸರಿಯುತ್ತದೆ, ತನ್ನ ವಿಧಾನಕ್ಕೆ ಅದು ತೀರ ಹತ್ತಿರದ್ದು ಎಂದು ಅದರಲ್ಲಿ ಹೇಳುತ್ತಾನೆ. ಕವಿ ಲೋಕವನ್ನು ಹಾಗೆ ನೋಡುವುದು ಕೃತಿ ಕಟ್ಟುವುದಕ್ಕೆ, ತತ್ತ್ವಜ್ಞಾನಿ ನೋಡುವುದು ಅರ್ಥಮಾಡಿಕೊಳ್ಳುವುದಕ್ಕೆ ಎಂಬ ವ್ಯತ್ಯಾಸವನ್ನೂ ಹೇಳುತ್ತಾನೆ. ಇಷ್ಟು ಬಿಟ್ಟರೆ ಹುಸೆರ್ಲ್ ಸಾಹಿತ್ಯದ ಬಗ್ಗೆ ಬರೆದದ್ದು ಕಡಿಮೆ. ಆ ಕೆಲಸ ಮಾಡಿದವನು ಅವನ ಶಿಷ್ಯ. ಅವನ ಹೆಸರು ನಿಮ್ಮ ಪಟ್ಟಿಯಲ್ಲೇ ಇಲ್ಲ.

ರೋಮನ್ ಇಂಗಾರ್ಡೆನ್ (1893–1970) ಪೋಲೆಂಡಿನ ಕ್ರಾಕೋವ್‌ನವನು. 1912ರಲ್ಲಿ ಜರ್ಮನಿಯ ಗಟಿಂಗೆನ್‌ಗೆ ಹೋಗಿ ಹುಸೆರ್ಲ್ ಬಳಿ ಕಲಿತ; ಗುರು ಫ್ರೈಬರ್ಗ್‌ಗೆ ಹೋದಾಗ ತಾನೂ ಹೋಗಿ ಅಲ್ಲೇ ಡಾಕ್ಟರೇಟ್ ಮುಗಿಸಿದ. ಗುರುವಿನ ಮೇಲೆ ಗೌರವವಿತ್ತು, ಜಗಳವೂ ಇತ್ತು. ಲೋಕದ ಇರವು ಪ್ರಜ್ಞೆಗೆ ಹೆಣೆದುಕೊಂಡೇ ಇದೆ ಎನ್ನುವ ಕಡೆಗೆ ಹುಸೆರ್ಲ್ ಕ್ರಮೇಣ ವಾಲಿದ್ದ. ಇಂಗಾರ್ಡೆನ್ ಇದನ್ನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ಕಾರಣ ತೋರಿಸಬೇಕಲ್ಲ? ಪ್ರಜ್ಞೆಯನ್ನು ಅವಲಂಬಿಸಿಯೇ ಇರುವುದು ಎಂದು ಎಲ್ಲರೂ ಒಪ್ಪುವ ಒಂದು ವಸ್ತುವನ್ನು ತೆಗೆದುಕೊಂಡು, ಅದರ ರಚನೆಯನ್ನು ಇಂಚಿಂಚಾಗಿ ಬಿಡಿಸಿ, ‘ಮರವೂ ಮೇಜೂ ಹೀಗಿಲ್ಲ ನೋಡಿ’ ಎನ್ನುವುದು ಅವನ ಯೋಜನೆ. ಅದಕ್ಕೆ ಅವನು ಆರಿಸಿಕೊಂಡ ವಸ್ತು ಸಾಹಿತ್ಯ ಕೃತಿ. 1931ರಲ್ಲಿ ಜರ್ಮನ್ ಭಾಷೆಯಲ್ಲಿ ‘ಸಾಹಿತ್ಯ ಕಲಾಕೃತಿ’ ಎಂಬ ಪುಸ್ತಕ ಬಂತು. ಸಾಹಿತ್ಯದ ಮೇಲಿನ ಪ್ರೀತಿಯಿಂದಲೇ ಬರೆದ ಎಷ್ಟೋ ಪುಸ್ತಕಗಳಿಗಿಂತ, ತತ್ತ್ವಶಾಸ್ತ್ರದ ಮನೆಜಗಳದಲ್ಲಿ ಹುಟ್ಟಿದ ಈ ಪುಸ್ತಕ ಸಾಹಿತ್ಯಕ್ಕೆ ಹೆಚ್ಚು ಉಪಕಾರ ಮಾಡಿತು ಎಂದೇ ನನ್ನ ಅಭಿಪ್ರಾಯ.

ಅವನು ಕೇಳುವ ಪ್ರಶ್ನೆ ಸರಳ: ಕೃತಿ ಇರುವುದೆಲ್ಲಿ? ಕಾಗದದಲ್ಲಿ ಎನ್ನುವಂತಿಲ್ಲ, ನನ್ನ ಪ್ರತಿ ಗೆದ್ದಲು ತಿಂದರೆ ಕಾದಂಬರಿ ನಾಶವಾಗುವುದಿಲ್ಲ. ಬರೆದವನ ಮನಸ್ಸಿನಲ್ಲಿ ಎಂದರೆ ಅವನು ತೀರಿಹೋದ ಮೇಲೆ? ಓದುವವನ ಮನಸ್ಸಿನಲ್ಲಿ ಎಂದರೆ ನೂರು ಓದುಗರಿಗೆ ನೂರು ಕೃತಿಗಳಾದವು. ಇಬ್ಬರು ಒಂದೇ ಕಥೆಯ ಬಗ್ಗೆ ವಾದ ಮಾಡುವುದಕ್ಕೇ ಆಗಬಾರದು. ಹಾಗಾದರೆ ಸಂಖ್ಯೆಯಂತೆ ಕಾಲಾತೀತವಾಗಿ ಇರುವಂಥದ್ದೇ? ಅದೂ ಅಲ್ಲ, ಕೃತಿ ಒಂದು ದಿನ ಹುಟ್ಟಿದ್ದು, ಓದಬಲ್ಲವರು ಯಾರೂ ಉಳಿಯದಿದ್ದರೆ ಇಲ್ಲವಾಗುವುದು. ಇಂಗಾರ್ಡೆನ್ ಉತ್ತರ: ಲೇಖಕನ ಪ್ರಜ್ಞೆಯ ಕ್ರಿಯೆಗಳಲ್ಲಿ ಹುಟ್ಟಿ, ಬರಹದ ಮೇಲೂ ಎಲ್ಲರಿಗೂ ಸಮಾನವಾದ ಶಬ್ದಾರ್ಥಗಳ ಮೇಲೂ ನಿಂತು, ಯಾರ ಮನಸ್ಸಿಗೂ ಸ್ವಂತವಾಗದೆ ಹಲವರಿಗೆ ದೊರೆಯುವ ವಸ್ತು. ಅದು ಹೊರಗಿನ ಕಲ್ಲಿನಂತೆ ಸ್ವತಂತ್ರವೂ ಅಲ್ಲ, ಒಳಗಿನ ಹಗಲುಗನಸಿನಂತೆ ಖಾಸಗಿಯೂ ಅಲ್ಲ. ಈ ಮೂರನೆಯ ಜಾಗವನ್ನು ಗುರುತಿಸಿದ್ದೇ ಫಿನಾಮಿನಾಲಜಿ ಸಾಹಿತ್ಯಾಧ್ಯಯನಕ್ಕೆ ಕೊಟ್ಟ ಮುಖ್ಯ ಕಾಣಿಕೆ. ಉಳಿದವು ಇದರ ಕವಲುಗಳು.

ಆ ವಸ್ತುವಿಗೆ ನಾಲ್ಕು ಸ್ತರ. ಶಬ್ದಗಳ ನಾದ, ಪದ ಮತ್ತು ವಾಕ್ಯಗಳ ಅರ್ಥ, ಆ ಅರ್ಥಗಳು ಎದುರಿಗೆ ತಂದು ನಿಲ್ಲಿಸುವ ಜನ, ವಸ್ತು, ಘಟನೆ, ಅವು ಕಾಣಿಸಿಕೊಳ್ಳುವ ನೋಟಗಳು. ನಾಲ್ಕನೆಯದರ ಮೇಲೆ ಸ್ವಲ್ಪ ನಿಲ್ಲಬೇಕು. ಬೀದಿಯಲ್ಲಿ ನಿಂತು ಮನೆ ನೋಡಿದ ಉದಾಹರಣೆಗೆ ಇದು ಸಾಹಿತ್ಯದ ಜೋಡಿ. ಕಥೆಯಲ್ಲಿ ಮನೆ ಪೂರ್ತಿ ಬರುವುದಿಲ್ಲ. ಹೊಗೆ ಹಿಡಿದ ತೊಲೆ, ಅರ್ಧ ತೆರೆದ ಕದ, ಒಳಗಿನಿಂದ ಕೆಮ್ಮು, ಇಷ್ಟು ಬರುತ್ತದೆ. ಅದು ರೇಖೆ ಮಾತ್ರ. ಬಣ್ಣ ತುಂಬಿ ಕಾಣುವಂತೆ ಮಾಡಿಕೊಳ್ಳುವುದು ಓದು. ಯಾವ ರೇಖೆಗಳನ್ನು ಆರಿಸಿದೆ ಎಂಬುದರಲ್ಲಿ ಲೇಖಕಿಯ ಕೈ ಗೊತ್ತಾಗುತ್ತದೆ. ಒಬ್ಬರು ಎಲ್ಲವನ್ನೂ ಕಣ್ಣಿಗೆ ಕೊಡುತ್ತಾರೆ, ಇನ್ನೊಬ್ಬರು ಕಿವಿಗೆ, ಮತ್ತೊಬ್ಬರು ಮೂಗಿಗೆ. ನಮ್ಮ ವಿಮರ್ಶೆ ‘ವರ್ಣನೆ ಚೆನ್ನಾಗಿದೆ’ ಎಂದು ದಾಟಿಬಿಡುವ ಜಾಗದಲ್ಲಿ ಇಂಗಾರ್ಡೆನ್‌ಗೆ ಪುಟಗಟ್ಟಲೆ ಕೆಲಸವಿದೆ.

ಅವನ ಇನ್ನೊಂದು ಪರಿಕಲ್ಪನೆ ಅನಿರ್ದಿಷ್ಟ ಜಾಗಗಳದು. ‘ಒಬ್ಬ ಮುದುಕ ಮೇಜಿನ ಮುಂದೆ ಕೂತಿದ್ದ’ ಎಂಬುದು ಅವನೇ ಕೊಡುವ ಉದಾಹರಣೆ. ಮೇಜು ಮರದ್ದೋ ಕಬ್ಬಿಣದ್ದೋ? ಕಾಲು ಮೂರೋ ನಾಲ್ಕೋ? ನಿಜವಾದ ಮೇಜಾದರೆ ಯಾರೂ ನೋಡದಿದ್ದರೂ ಇದಕ್ಕೆಲ್ಲ ಒಂದು ಉತ್ತರ ಇದ್ದೇ ಇರುತ್ತದೆ. ಕಥೆಯ ಮೇಜಿಗೆ ಉತ್ತರವೇ ಇಲ್ಲ. ನಮಗೆ ತಿಳಿಯದು ಎಂದಲ್ಲ. ಕೃತಿ ಹೇಳದಿದ್ದರೆ ಅದು ನಿರ್ಧಾರವಾಗದೇ ಉಳಿದದ್ದು. ಆದರೆ ಓದುವವರು ಹಾಗೆ ಬಿಡುವುದಿಲ್ಲ. ಅರಿವಿಲ್ಲದೆಯೇ ಅದಕ್ಕೊಂದು ಮರ, ಒಂದು ಬಣ್ಣ, ಒಂದು ಕೋಣೆ ಕೊಟ್ಟುಬಿಡುತ್ತಾರೆ. ಹೀಗೆ ತುಂಬಿ ಸಿದ್ಧವಾದದ್ದನ್ನು ಅವನು ಮೂರ್ತೀಕರಣ ಎಂದು ಕರೆದು, ಕೃತಿಯಿಂದ ಕಟ್ಟುನಿಟ್ಟಾಗಿ ಬೇರ್ಪಡಿಸುತ್ತಾನೆ. ಕೃತಿ ಒಂದು, ಮೂರ್ತೀಕರಣಗಳು ಹಲವು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡೂ ಬೇರೆಯಾದ್ದರಿಂದಲೇ ಒಂದನ್ನು ಇನ್ನೊಂದರ ಎದುರು ಇಟ್ಟು ಅಳೆಯಬಹುದು. ಆ ಮುದುಕನನ್ನು ನೀವು ಬಡವನೆಂದು ಊಹಿಸಿದರೆ ವಾಕ್ಯ ಬೇಡ ಎನ್ನುವುದಿಲ್ಲ, ಹೌದು ಎಂದೂ ಅನ್ನುವುದಿಲ್ಲ. ಅವನನ್ನು ಹುಡುಗನೆಂದು ಊಹಿಸಿದರೆ ನೀವು ಓದುತ್ತಿಲ್ಲ. ಮೂರನೆಯ ಬಗೆಯೂ ಉಂಟು: ಕೃತಿ ಬೇಕೆಂದೇ ಖಾಲಿ ಬಿಟ್ಟದ್ದನ್ನು ತುಂಬಿ ಕೆಡಿಸುವುದು. ಕೊನೆಯಲ್ಲಿ ಅವಳು ತವರಿಗೆ ಹೋದಳೋ ಕೆರೆಗೆ ಹೋದಳೋ ಎಂದು ಹೇಳದೆ ನಿಲ್ಲುವ ಕಥೆಗೆ ತರಗತಿಯಲ್ಲಿ ಮತ ಹಾಕಿಸಿ ತೀರ್ಮಾನ ಮಾಡುವ ಮೇಷ್ಟ್ರನ್ನು ನೀವೂ ನೋಡಿರಬಹುದು.

ಈಗ ಮೇಜನ್ನು ಬಿಟ್ಟು ನಮ್ಮ ಕಡೆಯ ಒಂದು ವಾಕ್ಯ ತೆಗೆದುಕೊಳ್ಳೋಣ. ‘ಅವಳು ಕೊಡ ಹಿಡಿದು ನೀರಿಗೆ ಹೋದಳು.’ ಈ ವಾಕ್ಯ ಯಾವ ಕೃತಿಯದೂ ಅಲ್ಲ, ಇಲ್ಲಿಗೆಂದೇ ಬರೆದದ್ದು. ಕೊಡ ಹಿತ್ತಾಳೆಯದೋ ಪ್ಲಾಸ್ಟಿಕ್ಕಿನದೋ, ಅವಳಿಗೆ ಎಷ್ಟು ವಯಸ್ಸು, ಬೆಳಿಗ್ಗೆಯೋ ಸಂಜೆಯೋ, ಒಂದೂ ಗೊತ್ತಿಲ್ಲ. ಇವು ಮೇಜಿನ ಕಾಲಿನಂಥ ಪ್ರಶ್ನೆಗಳು. ಆದರೆ ‘ಯಾವ ಬಾವಿಗೆ?’ ಎಂದು ಕೇಳಿ ನೋಡಿ. ಅಗ್ರಹಾರದ ಬಾವಿಯೋ, ಊರಬಾವಿಯೋ, ಕೇರಿಯವರು ದೂರ ನಡೆದು ಮುಟ್ಟಬೇಕಾದ ಹಳ್ಳವೋ? ಅವಳೇ ಹಗ್ಗ ಬಿಟ್ಟು ಸೇದುತ್ತಾಳೋ, ಯಾರಾದರೂ ಮೇಲಿನಿಂದ ಹೊಯ್ಯಲಿ ಎಂದು ಕೊಡ ಇಟ್ಟು ದೂರ ನಿಲ್ಲುತ್ತಾಳೋ? ಒಬ್ಬ ಓದುಗನಿಗೆ ಇದು ಅನಿರ್ದಿಷ್ಟ ಜಾಗ ಎಂದೇ ಹೊಳೆಯುವುದಿಲ್ಲ. ಅವನ ಮನೆಯ ಹಿತ್ತಲ ಬಾವಿ ತಾನಾಗಿ ಬಂದು ಕೂತಿರುತ್ತದೆ. 1927ರಲ್ಲಿ ಮಹಾಡ್‌ನ ಕೆರೆಯ ನೀರನ್ನು ಮುಟ್ಟುವುದಕ್ಕೇ ಅಂಬೇಡ್ಕರ್ ನೇತೃತ್ವದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು ಎಂಬುದು ಮೈಯಲ್ಲಿ ಉಳಿದಿರುವ ಓದುಗರಿಗೆ ಆ ವಾಕ್ಯದಲ್ಲಿ ಮೊದಲು ಕಾಣುವುದೇ ಆ ಪ್ರಶ್ನೆ. ವಾಕ್ಯ ಒಂದೇ, ಖಾಲಿ ಜಾಗವೂ ಒಂದೇ. ಅದನ್ನು ತುಂಬಲು ಕೈಗೆ ಮೊದಲು ಸಿಗುವ ಸಾಮಾನು ಮಾತ್ರ ಬೇರೆ ಬೇರೆ ಮನೆಯದು. ಇಂಗಾರ್ಡೆನ್ ಬರೆಯುವ ‘ಓದುಗ’ನಿಗೆ ಜಾತಿಯಿಲ್ಲ, ಊರಿಲ್ಲ, ಹೆಣ್ಣೋ ಗಂಡೋ ತಿಳಿಯದು, ಇದು ಅವನ ದೊಡ್ಡ ಕೊರತೆ ಎಂದು ಹೇಳಲು ಹಿಂಜರಿಯಬೇಕಿಲ್ಲ. ಆದರೆ ಆ ಕೊರತೆಯನ್ನು ಬೆರಳಿಟ್ಟು ತೋರಿಸುವುದಕ್ಕೂ ಅವನ ಉಪಕರಣವೇ ಬೇಕಾಯಿತು ಎನ್ನುವುದನ್ನು ಗಮನಿಸಿ. ‘ಮೇಲ್ಜಾತಿಯ ಓದು’ ಎಂದು ಒಟ್ಟಾರೆ ಆಪಾದಿಸುವುದಕ್ಕಿಂತ, ಇಂಥ ವಾಕ್ಯದ ಇಂಥ ಖಾಲಿ ಜಾಗದಲ್ಲಿ ಇಂಥದ್ದನ್ನು ಕೇಳದೆಯೇ ತುಂಬಿಕೊಂಡಿರಿ ಎಂದು ತೋರಿಸಿದರೆ ಎದುರಿನವರಿಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಮೂರ್ತೀಕರಣ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ, ಕೃತಿಗೆ ಹೀಗೆ ಒಂದು ‘ಬದುಕು’ ಇರುತ್ತದೆ ಎಂದು ಇಂಗಾರ್ಡೆನ್ ತಾನೇ ಹೇಳಿದ್ದ. ಅದನ್ನು ಇತಿಹಾಸದ ಕಡೆಗೆ ಬೆಳೆಸಿದವನು ಪ್ರಾಗ್‌ನ ಫೆಲಿಕ್ಸ್ ವೋದಿಚ್ಕಾ. ಮುಂದೆ ಜರ್ಮನಿಯಲ್ಲಿ ಹಾನ್ಸ್ ರಾಬರ್ಟ್ ಯೌಸ್. ಇಂಗಾರ್ಡೆನ್ ಹೆಸರು ನಮ್ಮ ನೋಟ್ಸುಗಳಿಗೆ ಬರದೆ ಹೋದದ್ದಕ್ಕೆ ಕಾರಣವೂ ಇತಿಹಾಸವೇ. 1937ರಲ್ಲಿ ಬಂದ, ಓದುವ ಕ್ರಿಯೆಯ ಬಗೆಗಿನ ಅವನ ಎರಡನೆಯ ಪುಸ್ತಕ ಪೋಲಿಷ್ ಭಾಷೆಯಲ್ಲಿತ್ತು. ಆಮೇಲೆ ಯುದ್ಧ. 1950ರ ದಶಕದ ಮೊದಲ ವರ್ಷಗಳಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ ಅವನನ್ನು ಪಾಠ ಮಾಡದಂತೆ ತಡೆಯಿತು. ಆ ಬಿಡುವಿನಲ್ಲಿ ಅವನು ಕಾಂಟ್‌ನನ್ನು ಪೋಲಿಷ್‌ಗೆ ಅನುವಾದಿಸಿದ. ಎರಡೂ ಪುಸ್ತಕಗಳು ಇಂಗ್ಲಿಷಿಗೆ ಬಂದದ್ದು 1973ರಲ್ಲಿ. ಅದಕ್ಕೆ ಮೊದಲು ಇಂಗ್ಲಿಷ್ ಓದುಗರಿಗೆ ಅವನ ಸ್ತರಗಳ ಪರಿಚಯವಾದದ್ದು ಹೆಚ್ಚಾಗಿ ವಿಮರ್ಶಕ ರೆನೆ ವೆಲೆಕ್ ಮೂಲಕ; ಅವನು ತನ್ನ ಮಾತನ್ನು ಸರಿಯಾಗಿ ಹೇಳಿಲ್ಲ ಎಂದು ಇಂಗಾರ್ಡೆನ್ ಕೊನೆಯವರೆಗೂ ದೂರುತ್ತಿದ್ದ. ಕನ್ನಡಕ್ಕೆ ನವ್ಯದ ಕಾಲದಲ್ಲಿ ಅಸ್ತಿತ್ವವಾದದ ಜೊತೆ ಸಾರ್ತ್ರ್ ಬಂದ, ಕಾಮು ಬಂದ. ಹೀಗಾಗಿ ಫಿನಾಮಿನಾಲಜಿ ನಮಗೆ ಒಂದು ವಿಧಾನವಾಗಿ ಸಿಗುವುದರ ಬದಲು ಒಂಟಿತನ, ಅಸಂಗತತೆ, ತಳಮಳ ಎಂಬ ಭಾವವಾಗಿ ಸಿಕ್ಕಿತು ಎಂದು ನನಗೆ ಅನ್ನಿಸುತ್ತದೆ. ನಿಮ್ಮ ನೋಟ್ಸಿನ ಗೊಂದಲದಲ್ಲಿ ಅದರ ಪಾಲೂ ಇರಬಹುದು.

ಸಾರ್ತ್ರ್‌ನ ಒಂದು ಮಾತನ್ನು ಮಾತ್ರ ಇಲ್ಲಿ ನೆನೆಯಬೇಕು. ಸಾಹಿತ್ಯ ಕೃತಿ ಒಂದು ವಿಚಿತ್ರ ಬುಗುರಿ, ತಿರುಗುತ್ತಿರುವಾಗ ಮಾತ್ರ ಅದು ಇರುತ್ತದೆ ಎಂದು 1947ರಲ್ಲಿ ಅವನು ಬರೆದ. ಓದು ನಿಂತರೆ ಉಳಿಯುವುದು ಕಾಗದದ ಮೇಲಿನ ಕರಿ ಗುರುತುಗಳು. ಚೆಂದದ ಮಾತು, ಆದರೆ ಇಂಗಾರ್ಡೆನ್ ಒಪ್ಪುತ್ತಿರಲಿಲ್ಲ. ಓದು ನಿಂತಾಗ ನಿಲ್ಲುವುದು ಮೂರ್ತೀಕರಣ, ಕೃತಿಯಲ್ಲ. ನಿಮ್ಮ ನೋಟ್ಸಿನ ವಾಕ್ಯ ಬಂದದ್ದು ಸಾರ್ತ್ರ್‌ನ ದಾರಿಯಿಂದ ಇರಬೇಕು. ಅವನು ಕೂಡ ಓದನ್ನು ಲೇಖಕ ದಾರಿ ತೋರಿಸುವ ಸೃಷ್ಟಿ ಎಂದನೇ ಹೊರತು ಮನಬಂದ ಸೃಷ್ಟಿ ಎನ್ನಲಿಲ್ಲ.

ಇನ್ನು ಕಾಲದ ಮಾತು. ಈಸರ್‌ನನ್ನು ಅರ್ಥಮಾಡಿಕೊಳ್ಳಲು ಇದು ಬೇಕು. 1905ರ ಉಪನ್ಯಾಸಗಳಲ್ಲಿ ಹುಸೆರ್ಲ್ ರಾಗದ ಉದಾಹರಣೆ ಹಿಡಿದು ಕೇಳುತ್ತಾನೆ: ಒಂದು ಸ್ವರ ಕೇಳುತ್ತಿರುವಾಗ ಹಿಂದಿನದು ಆಗಲೇ ಹೋಗಿದೆ, ಮುಂದಿನದು ಬಂದಿಲ್ಲ, ಆದರೂ ನಮಗೆ ಕೇಳಿಸುವುದು ಬಿಡಿ ಸ್ವರವಲ್ಲ, ರಾಗ. ಹೇಗೆ? ಹೋದ ಸ್ವರ ನೆನಪಿನ ಉಗ್ರಾಣಕ್ಕೆ ಸೇರುವ ಮುಂಚೆ ಈಗಿನದರ ಅಂಚಿನಲ್ಲೇ ತಗಲಿಕೊಂಡಿರುತ್ತದೆ; ಬರಲಿರುವುದರ ನಿರೀಕ್ಷೆಯೂ ಅದೇ ‘ಈಗ’ದೊಳಗೆ ಚಾಚಿಕೊಂಡಿರುತ್ತದೆ. ವಾಕ್ಯವನ್ನು ಓದುವುದೂ ಹೀಗೇ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ತೀಕ್ಷ್ಣ. ಏಕೆಂದರೆ ನಮ್ಮ ಕ್ರಿಯಾಪದ ಕೊನೆಯಲ್ಲಿ, ನಿಷೇಧವೂ ಅದರ ಜೊತೆಗೆ ಕೊನೆಯಲ್ಲಿ. ‘ವರ್ಷಗಳ ಮೇಲೆ ಊರಿಗೆ ಬಂದ ಮಗ ಅಪ್ಪನ ಎದುರು ಕೂತು, ಬಸ್ಸಿನಲ್ಲಿ ಬರುವಾಗ ಬರೆದಿಟ್ಟುಕೊಂಡಿದ್ದ ಕಾಗದವನ್ನು ಜೇಬಿನಿಂದ ತೆಗೆದು ಕೊಡಲಿಲ್ಲ.’ ‘ತೆಗೆದು’ ಎಂಬಲ್ಲಿಗೆ ಬರುವಾಗ ಕಾಗದ ಆಗಲೇ ಹೊರಗೆ ಬಂದಿದೆ, ಮಗನ ಕೈ ಚಾಚಿದೆ. ಒಂದು ‘ಲಿಲ್ಲ’ ಬಂದು ಅಷ್ಟನ್ನೂ ವಾಪಸು ಕೇಳುತ್ತದೆ. ಆದರೆ ಕಂಡದ್ದು ಅಳಿಸಿಹೋಗುವುದಿಲ್ಲ. ಕೊಡದೆ ಉಳಿದ ಆ ಕಾಗದ ಉಳಿದ ಕಥೆಯುದ್ದಕ್ಕೂ ಓದುಗರ ಕೈಯಲ್ಲಿ ಇರುತ್ತದೆ. ಜೇಬಿನಿಂದ ತೆಗೆದನೋ ಇಲ್ಲವೋ ಎಂಬುದೂ ತೀರ್ಮಾನವಾಗಿಲ್ಲ, ಗಮನಿಸಿ. ಇಂಗ್ಲಿಷ್ ಅನುವಾದಕರು ‘ಇಲ್ಲ’ವನ್ನು ಬಹಳ ಮುಂಚೆ ಹೇಳಬೇಕಾಗುತ್ತದೆ, ಅಲ್ಲಿ ಕಾಗದ ಜೇಬು ಬಿಟ್ಟು ಹೊರಡುವುದೇ ಇಲ್ಲ.

ವೂಲ್ಫ್‌ಗಾಂಗ್ ಈಸರ್ (1926–2007) ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ. 1966ರಲ್ಲಿ ಹೊಸದಾಗಿ ತೆರೆದ ಕಾನ್‌ಸ್ಟಾಂಜ್ ವಿಶ್ವವಿದ್ಯಾಲಯದಲ್ಲಿ ಯೌಸ್ ಜೊತೆ ಕೆಲಸ ಮಾಡಿದ. 1976ರ ‘ಓದಿನ ಕ್ರಿಯೆ’ ಅವನ ಮುಖ್ಯ ಪುಸ್ತಕ. ಓದುಗರ ದೃಷ್ಟಿಬಿಂದು ಕೃತಿಯೊಳಗೆ ಅಲೆಯುತ್ತ ಹೋಗುತ್ತದೆ, ಒಂದೊಂದು ವಾಕ್ಯವೂ ನಿರೀಕ್ಷೆ ಹುಟ್ಟಿಸಿ ಹಿಂದಿನದನ್ನು ತಿದ್ದುತ್ತದೆ ಎಂಬ ಅವನ ಮಾತು ನೇರವಾಗಿ ಹುಸೆರ್ಲ್‌ನ ರಾಗದಿಂದ ಬಂದದ್ದು. ಇಂಗಾರ್ಡೆನ್‌ನ ಅನಿರ್ದಿಷ್ಟ ಜಾಗವನ್ನು ಅವನು ‘ತೆರಪು’ ಎಂದು ಬದಲಿಸಿಕೊಂಡ. ಇದು ಮೇಜಿನ ಕಾಲಿನ ವಿಷಯವಲ್ಲ. ಒಂದು ಅಧ್ಯಾಯ ಮುಗಿದು ಇನ್ನೊಂದು ಬೇರೆಲ್ಲೋ ಶುರುವಾದಾಗ ಎರಡನ್ನೂ ಜೋಡಿಸುವ ಕೊಂಡಿ ಹೇಳದೇ ಉಳಿದದ್ದು. ಕಾದಂಬರಿಗೆ ಇದು ಹೆಚ್ಚು ಉಪಯುಕ್ತ ಎಂಬುದು ನಿಜ. ಇಂಗಾರ್ಡೆನ್ ಕೃತಿಯೆಲ್ಲ ಕೊನೆಗೆ ಸ್ವರಮೇಳವಾಗಬೇಕೆಂದು ಬಯಸುತ್ತಾನೆ, ಆಧುನಿಕ ಕಾದಂಬರಿ ಬೇಕೆಂದೇ ಅಪಸ್ವರ ನುಡಿಸುತ್ತದೆ ಎಂಬ ಈಸರ್‌ನ ಆಕ್ಷೇಪಣೆಯೂ ನ್ಯಾಯವೇ. 1981ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಫಿಶ್ ಅವನ ಮೇಲೆ ಬಿದ್ದ. ಕೃತಿ ಕೊಟ್ಟದ್ದು, ಓದುಗ ತುಂಬಿದ್ದು ಎಂಬ ಗೆರೆಯೇ ಸುಳ್ಳು, ‘ಕೊಟ್ಟದ್ದು’ ಎಂದು ಕಾಣುವುದು ಕೂಡ ಆಗಲೇ ಒಂದು ವ್ಯಾಖ್ಯಾನ ಎಂದು ವಾದಿಸಿದ. ‘ಯಾರಿಗೆ ಏನನ್ನಿಸಿದರೆ ಅದು’ ಎಂದು ನೀವು ಹೆದರುವ ಕಡೆಗೆ ಹತ್ತಿರ ಹೋಗುವವನು ಫಿಶ್. ಅವನು ಕೂಡ ವ್ಯಾಖ್ಯಾನದ ಅಧಿಕಾರವನ್ನು ಒಬ್ಬೊಬ್ಬರ ಮರ್ಜಿಗೆ ಬಿಡಲಿಲ್ಲ, ಸಮುದಾಯಗಳಿಗೆ ಕೊಟ್ಟ. ಫಿಶ್ ಜೊತೆ ನನ್ನ ತಕರಾರು ಇಷ್ಟೇ: ಗೆರೆ ಎಲ್ಲಿ ಎಂದು ಒಮ್ಮತವಿಲ್ಲದಿದ್ದರೆ ಗೆರೆಯೇ ಇಲ್ಲ ಎಂದಾಗುವುದಿಲ್ಲ. ‘ಕೊಡ’ ಎಂದು ಬರೆದದ್ದು ಕೊಡವೇ. ಬಾವಿಯ ವಿಷಯದಲ್ಲಿ ಜಗಳವಾಡಬಹುದು.

ಉಳಿದವರನ್ನು ಬೇಗ ಮುಗಿಸುತ್ತೇನೆ. ವಿಮರ್ಶಕ ಜಾರ್ಜ್ ಪುಲೆ ಮತ್ತು ಜಿನೀವಾ ಪಂಥದವರಿಗೆ ಓದು ಎಂದರೆ ಇನ್ನೊಬ್ಬರ ಪ್ರಜ್ಞೆಗೆ ನಮ್ಮೊಳಗೆ ಜಾಗ ಬಿಟ್ಟುಕೊಡುವುದು. ನನ್ನವಲ್ಲದ ಯೋಚನೆಗಳನ್ನು ‘ನಾನು’ ಯೋಚಿಸುತ್ತಿರುತ್ತೇನೆ ಎಂಬ ವಿಸ್ಮಯವನ್ನು ಪುಲೆಯಷ್ಟು ಸೊಗಸಾಗಿ ಯಾರೂ ಬರೆದಿಲ್ಲ. ಆದರೆ ಅವನು ಒಬ್ಬ ಲೇಖಕನ ಕಾದಂಬರಿ, ಕಾಗದ, ದಿನಚರಿ ಎಲ್ಲವನ್ನೂ ಒಂದೇ ಪ್ರಜ್ಞೆಯ ಉಸಿರೆಂದು ಓದುತ್ತಾನೆ. ಈ ಕೃತಿಗೂ ಆ ಕೃತಿಗೂ ಆಕಾರದಲ್ಲಿರುವ ಭೇದ ಕರಗಿಹೋಗುತ್ತದೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅವನ ಪ್ರಭಾವಕ್ಕೆ ಸಿಕ್ಕಿ 1958ರಲ್ಲಿ ಡಿಕನ್ಸ್ ಬಗ್ಗೆ ಪುಸ್ತಕ ಬರೆದ ಜೆ. ಹಿಲ್ಲಿಸ್ ಮಿಲ್ಲರ್ ಮುಂದೆ ನಿರಚನವಾದಿ ಡೆರಿಡಾನ ಕಡೆಗೆ ಹೋದ. ಗಾಸ್ತೋ ಬಾಶ್ಲಾರ್ 1957ರಲ್ಲಿ ಮನೆ, ಅಟ್ಟ, ನೆಲಮಾಳಿಗೆ, ಮೂಲೆಗಳ ಕಾವ್ಯಾನುಭವವನ್ನು ಬರೆದ. ಓದುತ್ತ ಕೂತರೆ ಪುಸ್ತಕ ಮುಚ್ಚಿ ನಿಮ್ಮ ಅಜ್ಜಿಮನೆಗೆ ಹೋಗಿಬಿಡುತ್ತೀರಿ. ಅದೇ ಅವನ ಗುಣ, ಅದೇ ಮಿತಿ: ಸುಖದ ಜಾಗಗಳಿಗೆ ಮಾತ್ರ ಸೀಮಿತವಾಗುತ್ತೇನೆ ಎಂದು ಅವನೇ ಮೊದಲೇ ಹೇಳಿಕೊಂಡಿದ್ದಾನೆ. ಜಗುಲಿಯ ಆಚೆಗೇ ನಿಲ್ಲಬೇಕಾದವರ ಮನೆಯ ಅನುಭವ ಅವನಲ್ಲಿಲ್ಲ. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್, ಕವಿ ಹೊಲ್ಡರ್ಲೀನ್‌ನನ್ನು ಓದುವುದು ಪ್ರವಾದಿಯನ್ನು ಓದುವಂತೆ. ಅವನು 1933ರಲ್ಲಿ ನಾಜಿ ಪಕ್ಷ ಸೇರಿದ್ದನ್ನೂ ಮರೆಯದೆ, ಸ್ವಲ್ಪ ಓದಿದ ಮೇಲೆ ಅವನ ಬಳಿ ಹೋಗಿ. ವಿಮರ್ಶೆ ಕಲಿಯಲು ಮೊದಲು ಹೋಗಬೇಕಾದ ಮನೆ ಅದಲ್ಲ.

ಸಹೃದಯನ ವಿಷಯಕ್ಕೆ ಬರೋಣ. ಎರಡೂ ಒಂದೇ ಎನ್ನುವವರೂ ನಮ್ಮದರ ಮುಂದೆ ಅದೇನು ಎನ್ನುವವರೂ ಇಬ್ಬರೂ ಅವಸರದಲ್ಲಿದ್ದಾರೆ. ಹೋಲಿಕೆ ನಿಜವಾಗಿ ಇರುವುದು ಒಂದು ಕಡೆ. ಕಾಶ್ಮೀರದ ಮೀಮಾಂಸಕಾರ ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, 'ಇದು ನನ್ನದು, ಇದು ಅವನದು' ಎಂದು ನಿರ್ದಿಷ್ಟ ದೇಶಕಾಲಕ್ಕೆ ಅಂಟಿಕೊಳ್ಳುವುದು. ಇನ್ನೊಂದು, ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿಹೋಗುವುದು. ಇವನ್ನು ದಾಟಿದವರಿಗೆ ಸಿಗುವುದು ಸಾಧಾರಣೀಕೃತ ಅನುಭವ, ಅಂದರೆ ಯಾರೊಬ್ಬರ ಸ್ವಂತದ್ದೂ ಆಗದೆ ಎಲ್ಲರಿಗೂ ಸಮಾನವಾದದ್ದು. ಹುಸೆರ್ಲ್ ಕವಿಗೆ ಬರೆದ ಕಾಗದದ ಮಾತು ಇದಕ್ಕೆ ತೀರ ಹತ್ತಿರ. ಕಾವ್ಯದ ನಿರಂತರ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿ ತಿಳಿಯಾದವನು ಸಹೃದಯ ಎಂದು ಅಭಿನವಗುಪ್ತ ಹೇಳುವುದರಲ್ಲೂ ‘ಅನ್ನಿಸಿದ್ದೆಲ್ಲ ಅರ್ಥ’ಕ್ಕೆ ಜಾಗವಿಲ್ಲ, ಅಭ್ಯಾಸ ಬೇಕು. ವ್ಯತ್ಯಾಸವೂ ಅಷ್ಟೇ ನಿಜ. ಅಭಿನವಗುಪ್ತನ ಗುರಿ ರಸಾಸ್ವಾದ, ಆ ಅನುಭವದ ಸ್ವರೂಪ. ಇಂಗಾರ್ಡೆನ್ ಕೇಳುವುದು ಅನುಭವಕ್ಕೆ ಎದುರಾಗಿ ನಿಂತ ವಸ್ತು ಎಂಥದು ಎಂಬುದನ್ನು. ರಸಸಿದ್ಧಾಂತದಲ್ಲಿ ವಿಘ್ನ ನಿವಾರಣೆಯಾಗಬೇಕಾದದ್ದು. ನನ್ನ ಬಾವಿಯ ಉದಾಹರಣೆಯಲ್ಲಾದರೋ ವಿಘ್ನವೇ ಅಧ್ಯಯನದ ವಸ್ತು: ನನ್ನ ದೇಶಕಾಲ ಆ ವಾಕ್ಯದೊಳಗೆ ಎಲ್ಲಿ ನುಗ್ಗಿತು ಎಂದು ಹಿಡಿಯುವುದು. ಸಾಧಾರಣೀಕರಣದ ಹೆಸರಿನಲ್ಲಿ ಯಾರ ಬಾವಿ ಎಲ್ಲರ ಬಾವಿಯಾಗುತ್ತದೆ ಎಂಬ ಪ್ರಶ್ನೆಯನ್ನು ಸಹೃದಯ ಸಿದ್ಧಾಂತಕ್ಕೂ ಕೇಳಲೇಬೇಕು.

ಬಳಸುವುದು ಹೇಗೆ ಎಂದಿರಿ. ಸಣ್ಣ ಕಥೆಯೊಂದನ್ನು ಆರಿಸಿ, ಮೊದಲ ಪುಟ ಮಾತ್ರ ಓದಿ ಪುಸ್ತಕ ಮುಚ್ಚಿ. ಕಂಡದ್ದನ್ನೆಲ್ಲ ಬರೆಯಿರಿ: ಜಾಗ, ಬೆಳಕು, ಜನರ ಬಟ್ಟೆ, ದನಿ, ಅವರ ಮನೆಮಾತು, ಜಾತಿ ಕೂಡ. ಆಮೇಲೆ ಪುಸ್ತಕ ತೆರೆದು ಪುಟದಲ್ಲಿ ಇರುವುದಕ್ಕೆ ಮಾತ್ರ ಗುರುತು ಹಾಕಿ. ಗುರುತು ಬೀಳದ್ದು ನಿಮ್ಮದು, ಮತ್ತು ಅದು ನೀವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು ಇರುತ್ತದೆ. ಅದನ್ನು ತಪ್ಪೆಂದು ಹೊಡೆದುಹಾಕಬೇಡಿ. ಒಂದೊಂದರ ಮುಂದೆಯೂ ಕೇಳಿಕೊಳ್ಳಿ: ಕೃತಿ ಇದನ್ನು ಬೇಡಿತೇ, ಸುಮ್ಮನೆ ಬಿಟ್ಟಿತೇ, ತಡೆಯಿತೇ? ಕಥೆ ಮುಂದುವರಿದಂತೆ ಯಾವ ವಾಕ್ಯದಲ್ಲಿ ನೀವು ತುಂಬಿದ್ದು ಕುಸಿಯಿತು? ಒಳ್ಳೆಯ ಕಥೆಗಾರರು ಆ ಕುಸಿತವನ್ನು ಲೆಕ್ಕ ಹಾಕಿಯೇ ಬರೆದಿರುತ್ತಾರೆ. ನಿಮ್ಮ ಟಿಪ್ಪಣಿಯನ್ನು ಬೇರೆ ಊರಿನ, ಬೇರೆ ಕೇರಿಯ ಸಹಪಾಠಿಯ ಟಿಪ್ಪಣಿಯ ಜೊತೆಗಿಟ್ಟು ನೋಡಿದರೆ ಸೆಮಿನಾರಿಗೆ ಬೇಕಾದಷ್ಟು ಸಾಮಗ್ರಿ ಅಲ್ಲೇ ಸಿಗುತ್ತದೆ, ಸಿದ್ಧಾಂತದ ಒಂದು ಹೆಸರೂ ಹೇಳದೆ.

ಓದುವುದನ್ನು ಹುಸೆರ್ಲ್‌ನಿಂದ ಶುರು ಮಾಡಬೇಡಿ, ಅರ್ಧಕ್ಕೇ ಬಿಡುತ್ತೀರಿ. ಪುಲೆ 1969ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ, ಓದಿನ ಫಿನಾಮಿನಾಲಜಿಯ ಬಗೆಗಿನ ಪ್ರಬಂಧ ಚಿಕ್ಕದು, ಒಂದು ಸಂಜೆಗೆ ಸಾಕು. ಆಮೇಲೆ ಈಸರ್‌ನ ಪುಸ್ತಕದಲ್ಲಿ ತೆರಪುಗಳ ಅಧ್ಯಾಯ. ಇಂಗಾರ್ಡೆನ್‌ನ ಎರಡು ಪುಸ್ತಕಗಳಲ್ಲಿ ಎರಡನೆಯದನ್ನೇ ಮೊದಲು ಹಿಡಿಯಿರಿ, ಓದುವ ಕ್ರಿಯೆಯ ಮಾತು ಇರುವುದು ಅದರಲ್ಲಿ. ಪರೀಕ್ಷೆ ಹತ್ತಿರ ಬಂದಿದ್ದರೆ ಕೃತಿ ಮತ್ತು ಮೂರ್ತೀಕರಣದ ಭೇದವೊಂದನ್ನು ಸ್ವಂತ ಉದಾಹರಣೆಯೊಂದಿಗೆ ಬರೆಯಲು ಕಲಿತುಕೊಂಡು ಹೋಗಿ; ನಿಮ್ಮ ನೋಟ್ಸಿನ ಕೊನೆಯ ವಾಕ್ಯದ ಜಾಗದಲ್ಲಿ ಅದನ್ನು ಬರೆದರೆ ಘಟಕದ ತಿರುಳು ಬಂದಂತಾಯಿತು.